ಹಾಲುಪುಡಿ ಡಬ್ಬದಲ್ಲಿ ಗಾಳಿಮರ

(ಸೂಜಿ ತೂತಿನ ಕ್ಯಾಮೆರಾ, ಅಂದರೆ ಪಿನ್‌ಹೋಲ್ ಕ್ಯಾಮೆರಾದ ಬಗ್ಗೆ ಕಾರವಾರದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

1980ರ ಫೆಬ್ರವರಿ 16. ಐವತ್ತು ದಾಟಿದವರಿಗೆ ಆ ದಿನ ನೆನಪಿರಬೇಕು. ಖಗ್ರಾಸ ಸೂರ್ಯಗ್ರಹಣ. ಚಂದ್ರನ ನೆರಳು ಅರಬ್ಬಿ ಸಮುದ್ರ ದಾಟಿ ನೆಲ ಮುಟ್ಟಿದ್ದು ನಮ್ಮ ಕರಾವಳಿಯಲ್ಲೇ, ಕಾರವಾರ ಅಂಕೋಲೆಯ ಆಸುಪಾಸಿನಲ್ಲಿ. ಇಲ್ಲಿಂದ ಘಟ್ಟ ಹತ್ತಿ, ಹುಬ್ಬಳ್ಳಿ, ರಾಯಚೂರಿನ ಕಡೆಗೆ ಸಾಗಿ, ಪುರಿಯ ಹತ್ತಿರ ಮತ್ತೆ ಸಮುದ್ರಕ್ಕೆ ಇಳಿಯಿತು.

ನನಗಾಗ ಒಂಬತ್ತು ವರ್ಷ. ನಮ್ಮ ಮನೆ ಅಂಕೋಲೆಯ ಹತ್ತಿರದ ಹಳ್ಳಿಯಲ್ಲಿ. ಮಧ್ಯಾಹ್ನದ ಊಟ ಬೇಗ ಮುಗಿದಿತ್ತು. ನೀರಿನ ಕೊಡಕ್ಕೆ, ಉಪ್ಪಿನಕಾಯಿ ಭರಣಿಗೆ ಅಜ್ಜಿ ದರ್ಭೆ ಹಾಕಿದ್ದಳು. ಕಿಟಕಿ, ಬಾಗಿಲು ಎಲ್ಲ ಮುಚ್ಚಿದ್ದಾಯಿತು. "ತಮಾ, ಹೊರಗೆ ಕಾಲಿಡಬೇಡ" ಎಂದು ಹತ್ತು ಸಲ ಹೇಳಿದ್ದಳು. ನಾನು ಒಳಗಿನ ಕತ್ತಲೆ ಕೋಣೆಯಲ್ಲಿ ಅಕ್ಕಿ ಮುಡಿಯ ಮೇಲೆ ಕೂತಿದ್ದೆ.

ನಮ್ಮದು ಹೆಂಚಿನ ಮಾಡು. ಮಂಗಗಳು ಹಾರಿ ಎರಡು ಹೆಂಚು ಸ್ವಲ್ಪ ಸರಿದಿದ್ದವು. ಆ ಸಂದಿನಿಂದ ದಿನಾ ಒಂದು ಬಿಸಿಲ ಕೋಲು ಒಳಗೆ ಇಳಿಯುತ್ತಿತ್ತು. ಎದುರಿನ ಗೋಡೆಯ ಮೇಲೆ ಆಗಿನ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಬಿಲ್ಲೆ ಬೀಳುತ್ತಿತ್ತು. ಅದನ್ನು ನಾನು ನೂರು ಸಲ ನೋಡಿದ್ದೆ. ಅವತ್ತು ನೋಡುತ್ತಾ ಕೂತಾಗ ಆ ಬಿಲ್ಲೆಯನ್ನು ಯಾರೋ ಕಚ್ಚಿದ ಹಾಗೆ ಕಂಡಿತು. ಕಚ್ಚಿದ ಜಾಗ ದೊಡ್ಡದಾಗುತ್ತಾ ಹೋಯಿತು. ಬಿಲ್ಲೆ ಹೋಗಿ ಕುಡುಗೋಲಾಯಿತು. ಮೂರೂವರೆ ದಾಟಿದ ಮೇಲೆ ಅದು ಉಗುರಿನಂಚಿನಷ್ಟು ತೆಳ್ಳಗಾಗಿ, ಆಮೇಲೆ ಗೋಡೆಯಲ್ಲಿ ಏನೂ ಉಳಿಯಲಿಲ್ಲ. ಹೊರಗೆ ಕೋಳಿಗಳು ಗೂಡಿಗೆ ಹೋಗುವ ಸದ್ದು ಕೇಳಿತು. ಎರಡು ಮೂರು ನಿಮಿಷ ಮನೆಯೊಳಗೆ ಯಾರೂ ಮಾತಾಡಲಿಲ್ಲ. ಮತ್ತೆ ಗೋಡೆಯ ಮೇಲೆ ಉಗುರಿನ ಅಂಚು ಹುಟ್ಟಿತು, ಈ ಸಲ ಇನ್ನೊಂದು ಬದಿಯಲ್ಲಿ.

ಹೊರಗೆ ಹೋಗದೆ, ಕಣ್ಣೆತ್ತಿ ನೋಡದೆ, ನಾನು ಇಡೀ ಗ್ರಹಣ ನೋಡಿಬಿಟ್ಟಿದ್ದೆ. ಮಂಗ ಸರಿಸಿದ ಹೆಂಚು ನನಗೆ ಅದನ್ನು ತೋರಿಸಿತ್ತು. ಇವತ್ತು ನಾನು ಮಾತಾಡುವುದೆಲ್ಲ ಆ ಸಂದಿನ ಬಗ್ಗೆಯೇ.

ಒಂದು ವಿಷಯ ಗಮನಿಸಿ. ಹೆಂಚಿನ ಸಂದು ಗುಂಡಗಿರಲಿಲ್ಲ. ಮೂಲೆ ಮೂಲೆಯಾಗಿತ್ತು. ಆದರೂ ಬಿಸಿಲ ಬಿಲ್ಲೆ ಗುಂಡಗೇ ಇತ್ತು. ಯಾಕೆ? ಅದು ಸಂದಿನ ಆಕಾರ ಅಲ್ಲ, ಸೂರ್ಯನ ಚಿತ್ರ. ಸೂರ್ಯನ ಮೇಲ್ಭಾಗದಿಂದ ಹೊರಟ ಬೆಳಕು ನೆಟ್ಟಗೆ ಬಂದು, ಸಂದಿನಲ್ಲಿ ತೂರಿ, ಗೋಡೆಯ ಕೆಳಗಡೆ ಬೀಳುತ್ತದೆ. ಕೆಳಭಾಗದಿಂದ ಹೊರಟದ್ದು ಮೇಲೆ ಬೀಳುತ್ತದೆ. ಎಡ ಬಲಕ್ಕೆ, ಬಲ ಎಡಕ್ಕೆ. ಎಲ್ಲ ಸೇರಿ ತಲೆಕೆಳಗಾದ ಸೂರ್ಯ. ಸೂರ್ಯ ಗುಂಡಗಿರುವುದರಿಂದ ತಲೆಕೆಳಗಾದದ್ದು ನಮಗೆ ಗೊತ್ತಾಗುವುದಿಲ್ಲ. ಗ್ರಹಣದ ದಿನ ಮಾತ್ರ ಗೊತ್ತಾಗುತ್ತದೆ.

ನಾಳೆ ಬೆಳಿಗ್ಗೆ ಯಾವುದಾದರೂ ದೊಡ್ಡ ಮರದ ಕೆಳಗೆ ನಿಂತು ನೆಲ ನೋಡಿ. ಎಲೆಗಳ ಸಂದು ಒಂದೊಂದು ಒಂದೊಂದು ಆಕಾರ. ಆದರೆ ನೆಲದ ಮೇಲೆ ಬಿದ್ದ ಬಿಸಿಲೆಲ್ಲ ಗುಂಡು ಗುಂಡು ಬಿಲ್ಲೆಗಳು, ಓರೆಯಾಗಿ ಬಿದ್ದರೆ ಮೊಟ್ಟೆಯಾಕಾರ. ಅಷ್ಟೂ ಸೂರ್ಯನ ಚಿತ್ರಗಳೇ. ಲೆಕ್ಕ ಸುಲಭ. ತೂತಿನಿಂದ ಒಂದು ಮೀಟರ್ ದೂರಕ್ಕೆ ಬಿಲ್ಲೆಯ ಅಗಲ ಸುಮಾರು 9 ಮಿಲಿಮೀಟರ್. ಹತ್ತು ಮೀಟರ್ ಎತ್ತರದ ಕೊಂಬೆಯ ಸಂದಿನಿಂದ ಬಿದ್ದರೆ 9 ಸೆಂಟಿಮೀಟರ್. ಬಿಲ್ಲೆ ಅಳೆದು ಮರದ ಎತ್ತರ ಹೇಳಬಹುದು. ಮಕ್ಕಳಿಗೆ ಇದನ್ನು ತೋರಿಸಿ, ಅವರು ಅಳತೆಪಟ್ಟಿ ಕೆಳಗಿಡುವುದಿಲ್ಲ.

ಹಂಪಿಗೆ ಹೋದವರು ವಿರೂಪಾಕ್ಷ ದೇವಸ್ಥಾನದ ಹಿಂಬದಿಯ ಕತ್ತಲೆ ಕೋಣೆಯನ್ನು ನೋಡಿರುತ್ತೀರಿ. ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಬೀಳುತ್ತದೆ. ಎಲ್ಲರೂ ಅದನ್ನು ನೆರಳು ಎನ್ನುತ್ತಾರೆ. ಅದು ನೆರಳಲ್ಲ, ಬಿಂಬ. ಸಣ್ಣ ಕಿಂಡಿಯ ಕೆಲಸ. ಅರಬ್ ವಿದ್ವಾಂಸ ಇಬ್ನ್ ಅಲ್-ಹೈಥಮ್ 11ನೇ ಶತಮಾನದಲ್ಲೇ ಕತ್ತಲೆ ಕೋಣೆ ಮತ್ತು ಕಿಂಡಿ ಇಟ್ಟುಕೊಂಡು ಬೆಳಕನ್ನು ಪರೀಕ್ಷೆ ಮಾಡಿದ್ದ. 1544ರಲ್ಲಿ ಗೆಮ್ಮಾ ಫ್ರಿಸಿಯಸ್ ಎಂಬ ಡಚ್ ವಿದ್ವಾಂಸ ಕತ್ತಲೆ ಕೋಣೆಯಲ್ಲಿ ಕೂತು, ಗೋಡೆಯ ಮೇಲೆ ಬಿದ್ದ ಗ್ರಹಣ ನೋಡಿದ. ಮುಂದಿನ ವರ್ಷ ಅದರ ಚಿತ್ರವನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿದ. ದೊಡ್ಡವನಾದ ಮೇಲೆ ಆ ಚಿತ್ರ ಮೊದಲ ಸಲ ನೋಡಿದಾಗ ನನಗೆ ನಮ್ಮ ಅಕ್ಕಿ ಮುಡಿಯ ವಾಸನೆ ಬಂತು.

ಒಂದು ಎಚ್ಚರಿಕೆ. ತೂತಿನಿಂದ ಗೋಡೆಗೆ ಬಿದ್ದ ಬಿಂಬ ನೋಡಬೇಕು. ತೂತಿಗೆ ಕಣ್ಣಿಟ್ಟು ಸೂರ್ಯನನ್ನು ನೋಡಲೇಬಾರದು. 2031ರ ಮೇ 21ಕ್ಕೆ ಕೇರಳ, ತಮಿಳುನಾಡಿನ ಮೇಲೆ ಕಂಕಣ ಗ್ರಹಣ ಹಾದುಹೋಗುತ್ತದೆ. ನಮಗೆ ಪಾರ್ಶ್ವ ಗ್ರಹಣ. ಆಗ ಮರದ ಕೆಳಗೆ ಕುಡುಗೋಲುಗಳು ಬೀಳುತ್ತವೆ.

ಈಗ ಕ್ಯಾಮೆರಾಕ್ಕೆ ಬರೋಣ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಸೂಜಿರಂಧ್ರ ಬಿಂಬಗ್ರಾಹಿ ಎಂಬ ಹೆಸರಿತ್ತು. ನಾವು ಪಿನ್‌ಹೋಲ್ ಎನ್ನೋಣ. ಬೆಳಕು ಹೋಗದ ಡಬ್ಬ, ಒಂದು ಬದಿಗೆ ಸೂಜಿ ತೂತು, ಎದುರು ಬದಿಗೆ ಫೋಟೋ ಪೇಪರ್. ಇಷ್ಟೇ. ಲೆನ್ಸ್ ಇಲ್ಲ.

ನಾನು ಬಳಸುವುದು ಹಾಲುಪುಡಿ ಡಬ್ಬ. ಅಗಲ ಸುಮಾರು 10 ಸೆಂಟಿಮೀಟರ್. ಒಳಗೆಲ್ಲ ಕರಿಹಲಗೆಗೆ ಬಳಿಯುವ ಬಣ್ಣ ಹಚ್ಚಿದ್ದೇನೆ. ತೂತನ್ನು ನೇರವಾಗಿ ಡಬ್ಬಕ್ಕೆ ಕೊರೆಯಬೇಡಿ. ತಗಡು ದಪ್ಪ. ನಮ್ಮ ಉಪ್ಪು ಗಾಳಿಗೆ ಒಂದೇ ಮಳೆಗಾಲದಲ್ಲಿ ತೂತಿನ ಅಂಚು ತುಕ್ಕು ಹಿಡಿದು ಮುಚ್ಚಿಕೊಳ್ಳುತ್ತದೆ. ಡಬ್ಬದಲ್ಲಿ ಒಂದು ದೊಡ್ಡ ತೂತು ಮಾಡಿ, ಅದರ ಮೇಲೆ ತಂಪು ಪಾನೀಯದ ಕ್ಯಾನಿನ ಅಲ್ಯೂಮಿನಿಯಂ ತುಂಡು ಅಂಟಿಸಿ. ಸೂಜಿ ತೂತು ಆ ತುಂಡಿನಲ್ಲಿ.

ತೂತಿನ ಗಾತ್ರದ ಬಗ್ಗೆ ಸ್ವಲ್ಪ ಹೇಳಬೇಕು. ತೂತು ಸಣ್ಣದಾದಷ್ಟೂ ಚಿತ್ರ ಚೂಪಾಗುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಒಂದು ಹಂತದವರೆಗೆ ಅದು ಸರಿ. ಆಮೇಲೆ ಬೆಳಕು ತೂತಿನ ಅಂಚಿಗೆ ತಾಗಿ ಹರಡಿಕೊಳ್ಳುತ್ತದೆ, ಚಿತ್ರ ಮತ್ತೆ ಮಸುಕಾಗುತ್ತದೆ. ಈ ಎರಡರ ನಡುವಿನ ಸರಿಯಾದ ಅಳತೆಯನ್ನು ಇಂಗ್ಲೆಂಡಿನ ಲಾರ್ಡ್ ರೇಲಿ 1891ರಲ್ಲಿ ಲೆಕ್ಕ ಹಾಕಿ ತೋರಿಸಿದ. 10 ಸೆಂಟಿಮೀಟರ್ ಆಳದ ಡಬ್ಬಕ್ಕೆ ತೂತು ಸುಮಾರು 0.45 ಮಿಲಿಮೀಟರ್ ಇರಬೇಕು. ಆಳ ನಾಲ್ಕು ಪಟ್ಟಾದರೆ ತೂತು ಎರಡು ಪಟ್ಟು. 10ನೇ ನಂಬರಿನ ಹೊಲಿಗೆ ಸೂಜಿಯ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದನ್ನು ಪೂರ್ತಿ ತೂರಿಸಬೇಡಿ. ಮೊನೆಯಿಂದ ಒತ್ತಿ ಒಂದು ಗುಬುಟು ಎಬ್ಬಿಸಿ, ನುಣುಪು ಎಮರಿ ಪೇಪರಿನಿಂದ ಅದನ್ನು ಉಜ್ಜಿ, ಮತ್ತೆ ಒತ್ತಿ, ಮತ್ತೆ ಉಜ್ಜಿ. ಅಂಚು ತೆಳ್ಳಗೆ, ಸ್ವಚ್ಛವಾಗಿ ಬರುವವರೆಗೆ. ಆಮೇಲೆ ಸ್ಕ್ಯಾನರಿನಲ್ಲಿ 1200 ಡಿಪಿಐಗೆ ಇಟ್ಟು ನೋಡಿದರೆ ತೂತು ಅಡ್ಡಕ್ಕೆ 21 ಪಿಕ್ಸೆಲ್ ಇರಬೇಕು. ತೂತು ಚೆನ್ನಾಗಿ ಬರುವುದಕ್ಕೆ ನನಗೆ ಅರ್ಧ ಗಂಟೆ ಬೇಕಾಗುತ್ತದೆ. ಈ ಅರ್ಧ ಗಂಟೆ ಉಳಿಸಲು ಹೋಗಬೇಡಿ.

ಪೇಪರ್ ಎಂದರೆ ಕಪ್ಪು ಬಿಳುಪು ಪ್ರಿಂಟ್ ಹಾಕುವ ಫೋಟೋ ಪೇಪರ್. ಬೆಳಕು ಬಿದ್ದ ಜಾಗ ಅದರಲ್ಲಿ ಕಪ್ಪಾಗುತ್ತದೆ, ಹಾಗಾಗಿ ಚಿತ್ರ ಮೊದಲು ನೆಗೆಟಿವ್ ಆಗಿ, ಕಪ್ಪು ಬಿಳುಪು ಅದಲುಬದಲಾಗಿ ಬರುತ್ತದೆ. ಅದನ್ನು ಕೆಂಪು ಬಲ್ಬಿನ ಕೆಳಗೆ ಕತ್ತರಿಸಿ ಡಬ್ಬಕ್ಕೆ ಹಾಕಬಹುದು. ನಮ್ಮ ಮನೆಯಲ್ಲಿ ಬಚ್ಚಲುಮನೆಯೇ ಡಾರ್ಕ್‌ರೂಮ್. ಆದರೆ ಎಲ್ಲ ಕೆಂಪು ಬಲ್ಬೂ ಸುರಕ್ಷಿತ ಅಲ್ಲ. ಪೇಪರಿನ ಮೇಲೆ ಒಂದು ನಾಣ್ಯ ಇಟ್ಟು, ಐದು ನಿಮಿಷ ಆ ಬಲ್ಬಿನ ಕೆಳಗೆ ಬಿಡಿ. ಡೆವಲಪ್ ಮಾಡಿದಾಗ, ಅಂದರೆ ಕೆಮಿಕಲ್‌ನಲ್ಲಿ ತೊಳೆದು ಚಿತ್ರ ಮೂಡಿಸಿದಾಗ, ನಾಣ್ಯದ ಗುರುತು ಕಂಡರೆ ಬಲ್ಬ್ ಬದಲಿಸಿ.

ನನ್ನ ಮೊದಲ ಎಂಟು ಚಿತ್ರಗಳೂ ಪೂರ್ತಿ ಕಪ್ಪಾಗಿ ಬಂದವು. ತೂತು ಬದಲಿಸಿದೆ, ಸಮಯ ಬದಲಿಸಿದೆ, ಏನೂ ಆಗಲಿಲ್ಲ. ಒಂದು ದಿನ ಖಾಲಿ ಡಬ್ಬದೊಳಗೆ ಮೊಬೈಲ್ ಟಾರ್ಚ್ ಹಚ್ಚಿಟ್ಟು ದೀಪ ಆರಿಸಿದೆ. ಪ್ಲಾಸ್ಟಿಕ್ ಮುಚ್ಚಳ ಹುಣ್ಣಿಮೆ ಚಂದ್ರನ ಹಾಗೆ ಬೆಳಗಿತು! ಬೆಳಕು ಅಲ್ಲಿಂದ ಒಳಗೆ ಹೋಗುತ್ತಿತ್ತು. ಮುಚ್ಚಳದ ಒಳಗೂ ಹೊರಗೂ ಕರಿ ಟೇಪ್ ಸುತ್ತಿದ ಮೇಲೆ ಒಂಬತ್ತನೇ ಪೇಪರಿನಲ್ಲಿ ಒಂದು ಮರ ನಿಂತಿತ್ತು.

ಆ ಮರ ಇಲ್ಲಿಯದೇ. ಟಾಗೋರ್ ಕಡಲತೀರದ ಗಾಳಿಮರ (ಕ್ಯಾಸುರಿನಾ). ರವೀಂದ್ರನಾಥ ಟಾಗೋರರು 1883ರಲ್ಲಿ ಕಾರವಾರಕ್ಕೆ ಬಂದು ಉಳಿದಾಗ ಅವರಿಗೆ ಇಪ್ಪತ್ತೆರಡು ವರ್ಷ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಈ ಮರಳ ದಂಡೆಯ ಗಾಳಿಮರಗಳನ್ನು ಟಾಗೋರರು ನೆನೆದು ಬರೆದಿದ್ದಾರೆ. ನಾನೂ ಈ ಮರಗಳ ಕೆಳಗೆ ಎಷ್ಟೋ ಸಂಜೆ ಕೂತಿದ್ದೇನೆ. ಆದರೆ ಸರಿಯಾಗಿ ನೋಡಿದ್ದು ಡಬ್ಬ ಹಿಡಿದ ಮೇಲೆ.

ನಾನು ಹೇಳಬೇಕೆಂದುಕೊಂಡ ಮುಖ್ಯ ವಿಷಯ ಇಲ್ಲಿಂದ ಶುರುವಾಗುತ್ತದೆ. ನಿಮ್ಮ ಮೊಬೈಲು ಬಿಸಿಲಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಚಿತ್ರ ತೆಗೆಯುತ್ತದೆ. ಈ ಡಬ್ಬಕ್ಕೆ ನಡು ಬಿಸಿಲಲ್ಲೇ ನಲವತ್ತು ಸೆಕೆಂಡಿನಿಂದ ಒಂದು ನಿಮಿಷ ಬೇಕು. ಮರದ ನೆರಳಿನಲ್ಲಿ ಐದರಿಂದ ಹತ್ತು ನಿಮಿಷ. ಅಷ್ಟು ಹೊತ್ತು ಅಲ್ಲಿ ಏನೇನಾಯಿತೋ ಎಲ್ಲವೂ ಒಂದೇ ಹಾಳೆಯ ಮೇಲೆ ಕೂಡುತ್ತಾ ಹೋಗುತ್ತದೆ. ಯಾವುದು ಅಲ್ಲಾಡಲಿಲ್ಲವೋ ಅದು ಗಟ್ಟಿಯಾಗಿ ಮೂಡುತ್ತದೆ. ಅಲ್ಲಾಡಿದ್ದು ಹೊಗೆಯಾಗುತ್ತದೆ. ನಡೆದು ಹೋದವರು ಬರುವುದೇ ಇಲ್ಲ.

ನನ್ನ ಒಂಬತ್ತನೇ ಚಿತ್ರದಲ್ಲಿ ಗಾಳಿಮರದ ಕಾಂಡ ತೊಗಟೆಯ ಬಿರುಕು ಸಮೇತ ಬಂದಿತ್ತು. ತಲೆ ಮಾತ್ರ ಪೂರ್ತಿ ಹೊಗೆ. ಆ ಹೊಗೆ ಒಂದು ಕಡೆಗೆ, ಭೂಮಿಯ ಕಡೆಗೆ ವಾಲಿತ್ತು. ಸಂಜೆ ನಾಲ್ಕರ ಕಡಲ ಗಾಳಿ ಅದು. ಮರುದಿನ ಬೆಳಿಗ್ಗೆ ಏಳಕ್ಕೆ ಅದೇ ಮರದ ಮುಂದೆ ಅದೇ ಡಬ್ಬ ಇಟ್ಟೆ. ಬೆಳಿಗ್ಗೆ ಗಾಳಿ ನಿಂತಿರುವ ಹೊತ್ತು. ಹೊಗೆ ಇರಲಿಲ್ಲ. ಮರದ ತಲೆ ಸಣ್ಣ ಸಣ್ಣ ಕಡ್ಡಿ ಸಮೇತ ಬಂತು. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಒಂದೇ ಮರ ಎಂದು ನಂಬುವುದು ಕಷ್ಟ. ಅವತ್ತಿನಿಂದ ನಾನು ಮರವನ್ನು ನೋಡುವ ಮೊದಲು ಗಾಳಿಯನ್ನು ನೋಡುತ್ತೇನೆ.

ಹಾಗಾಗಿಯೇ ಇದಕ್ಕೆ ದೂರದ ಜಾಗ ಬೇಡ ಎನ್ನುತ್ತೇನೆ. ಯಾಣಕ್ಕೆ ಹೋಗಿ, ಉಂಚಳ್ಳಿಗೆ ಹೋಗಿ ಒಂದು ದಿನದಲ್ಲಿ ಪಿನ್‌ಹೋಲ್ ಚಿತ್ರ ತೆಗೆದು ಬರುತ್ತೇನೆ ಎಂದರೆ ಆಗುವ ಕೆಲಸವಲ್ಲ. ಡಬ್ಬದಲ್ಲಿ ಒಮ್ಮೆಗೆ ಒಂದೇ ಪೇಪರ್. ಮನೆಗೆ ಬಂದು ತೊಳೆದ ಮೇಲೆ ಗೊತ್ತಾಗುತ್ತದೆ, ಸಮಯ ಜಾಸ್ತಿಯಾಯಿತು, ಡಬ್ಬ ವಾಲಿತ್ತು, ಕೊಂಬೆ ಅರ್ಧ ತುಂಡಾಯಿತು ಎಂದು. ಮತ್ತೆ ಹೋಗಬೇಕು. ನಡೆದು ಹೋಗಿ ಬರುವಷ್ಟು ಹತ್ತಿರದ ಉದ್ಯಾನ ಇದ್ದರೆ ಮಾತ್ರ ಮತ್ತೆ ಮತ್ತೆ ಹೋಗುತ್ತೀರಿ. ಶಿರಸಿಯವರಿಗೆ ಕೋಟೆಕೆರೆಯ ದಂಡೆ ಇದೆ. ಹೊನ್ನಾವರದವರಿಗೆ ಕಾಸರಕೋಡು ಇದೆ. ನಮಗೆ ಈ ಕಡಲತೀರದ ಸಾಲು ಮರಗಳಿವೆ. ನಿಮ್ಮ ಓಣಿಯ ಮೂಲೆಯಲ್ಲಿ ನಾಲ್ಕು ಬೆಂಚು, ಒಂದು ಮಳೆಮರ ಇರುವ ಪಾರ್ಕು ಇದ್ದರೂ ಸಾಕು.

ಡಬ್ಬವನ್ನು ಬೆಂಚಿನ ಮೇಲೆ ಇಡಬೇಡಿ. ನೆಲದ ಮೇಲೆ ಇಡಿ. ಲೆನ್ಸ್ ಇಲ್ಲದ ಕ್ಯಾಮೆರಾಕ್ಕೆ ಫೋಕಸ್ ಎಂಬುದೇ ಇಲ್ಲ. ಒಂದು ಗೇಣು ದೂರದ ಹುಲ್ಲೂ ಒಂದು ಮೈಲಿ ದೂರದ ಗುಡ್ಡವೂ ಹೆಚ್ಚುಕಡಿಮೆ ಒಂದೇ ಮೃದುತನದಲ್ಲಿ ಬರುತ್ತವೆ. ನೆಲಕ್ಕಿಟ್ಟ ಡಬ್ಬದ ಮುಂದೆ ಮುಟ್ಟಿದರೆ ಮುನಿ ಇದ್ದರೆ ಅದು ತೆಂಗಿನ ಮರದಷ್ಟು ದೊಡ್ಡದಾಗಿ ನಿಲ್ಲುತ್ತದೆ. ಉದುರಿದ ಕಾಡುಬಾದಾಮಿ ಎಲೆ ದೋಣಿಯಾಗುತ್ತದೆ. ಏಡಿಯ ಎತ್ತರದಿಂದ ಪಾರ್ಕು ಹೇಗೆ ಕಾಣುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಡಬ್ಬದ ಮೇಲೆ ಒಂದು ಕಲ್ಲು ಇಡಿ, ಗಾಳಿಗೆ ಅಲುಗಬಾರದು. ಶಟರ್ ಎಂದರೆ ತೂತಿನ ಮೇಲೆ ಅಂಟಿಸಿದ ಕರಿ ಟೇಪು. ತೆಗೆದರೆ ಶುರು, ಅಂಟಿಸಿದರೆ ಮುಗಿಯಿತು.

ಬಣ್ಣಗಳ ವಿಷಯವೂ ಬೇರೆ. ಫೋಟೋ ಪೇಪರಿಗೆ ಕೆಂಪು ಕಾಣುವುದಿಲ್ಲ. ಅದಕ್ಕೇ ತಾನೇ ಕೆಂಪು ಬಲ್ಬು ಹಚ್ಚುವುದು. ಮೇ ತಿಂಗಳಲ್ಲಿ ಊರೆಲ್ಲ ಗುಲ್‌ಮೊಹರ್ ಹೂ ಬಿಟ್ಟಾಗ ನಾನು ಆಸೆಯಿಂದ ಒಂದು ಚಿತ್ರ ತೆಗೆದೆ. ಕಪ್ಪು ಬಿಳುಪು ತಿರುಗಿಸಿ ಪಾಸಿಟಿವ್ ಮಾಡಿ ನೋಡಿದರೆ ಹೂವೆಲ್ಲ ಕಪ್ಪು. ಬೆಂಕಿಯಂತಹ ಮರ ಇದ್ದಿಲಾಗಿತ್ತು. ನೀಲಿ ಮಾತ್ರ ಪೇಪರಿಗೆ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಆಕಾಶ ಬೇಗ ಬೆಳ್ಳಗಾಗಿಬಿಡುತ್ತದೆ, ಮೋಡ ಕಾಣುವುದೇ ಇಲ್ಲ. ಸುರಗಿ ಹೂ, ಕಾಡುಮಲ್ಲಿಗೆ, ಕೆರೆಯ ಬಿಳಿ ತಾವರೆ ಇವು ಈ ಪೇಪರಿಗೆ ಹೇಳಿ ಮಾಡಿಸಿದ ಹಾಗೆ.

ಮಳೆಗಾಲದಲ್ಲಿ ಡಬ್ಬ ಒಳಗಿಡಬೇಕು ಎಂದುಕೊಂಡಿದ್ದೆ. ತಪ್ಪು. ಜುಲೈ ತಿಂಗಳ ಮುಚ್ಚಿದ ಆಕಾಶದ ಬೆಳಕಿನಷ್ಟು ಒಳ್ಳೆಯ ಬೆಳಕು ಬೇರೆ ಇಲ್ಲ. ಕಡುಕಪ್ಪು, ಕಡುಬಿಳುಪು ಎರಡೂ ಇಲ್ಲದೆ ಎಲ್ಲವೂ ಬೂದು ಬೂದಾಗಿ ಹದವಾಗಿ ಬರುತ್ತದೆ. ಸಮಯ ನಾಲ್ಕರಿಂದ ಎಂಟು ನಿಮಿಷ. ಡಬ್ಬದ ಮೇಲೆ ಒಂದು ಅಡಿಕೆ ಹಾಳೆ ಬಾಗಿಸಿ ಇಟ್ಟರೆ ತೂತಿಗೆ ಹನಿ ಬೀಳುವುದಿಲ್ಲ. ಹನಿ ಬಿದ್ದರೆ ಚಿತ್ರ ಹೋಯಿತು. ಜೋರು ಮಳೆಯಲ್ಲಿ ತೆಗೆದ ಚಿತ್ರದಲ್ಲಿ ಮಳೆಯೇ ಇರುವುದಿಲ್ಲ, ಅದು ನನಗೆ ಇವತ್ತಿಗೂ ಆಶ್ಚರ್ಯ. ಹನಿಗಳು ಅಷ್ಟು ಬೇಗ ಬೀಳುತ್ತವೆ. ಒದ್ದೆಯಾಗಿ ಹೊಳೆಯುವ ಕಾಂಡ ಇರುತ್ತದೆ, ನೀರು ತುಂಬಿದ ಹೆಜ್ಜೆಗುರುತು ಇರುತ್ತದೆ.

ನೀರು ಹರಿಯುವ ಕಡೆ ಬೇರೆ ಆಟ. ಶಿರಸಿಯ ಹತ್ತಿರ ಶಾಲ್ಮಲಾ ಹೊಳೆಯ ಸಹಸ್ರಲಿಂಗಕ್ಕೆ ನಾನು ನವೆಂಬರಿನಲ್ಲಿ ಮೂರು ಸಲ ಹೋದೆ. ಮೂರು ನಿಮಿಷದಲ್ಲಿ ಹೊಳೆ ಹಾಲಿನ ಕೆನೆಯಾಗುತ್ತದೆ. ಬಂಡೆಯಲ್ಲಿ ಕೆತ್ತಿದ ಲಿಂಗ, ಬಸವ ಮಾತ್ರ ಕಲ್ಲಿನ ಒರಟು ಸಮೇತ ಅದರ ನಡುವೆ ನಿಲ್ಲುತ್ತವೆ. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ವನದೊಳಗೆ ಮರದ ಹಲಗೆಯ ನಡಿಗೆ ದಾರಿ ಇದೆಯಲ್ಲ, ಅಲ್ಲಿಯೂ ಹೀಗೇ. ಕಾಂಡ್ಲಾದ ಬೇರುಗಳು ಕಾಲೂರಿ ನಿಂತ ಹಾಗೆ ಇರುತ್ತವೆ, ಕೆಳಗಿನ ನೀರು ಭರತದ ಜೊತೆ ಏರುತ್ತದೆ. ಆದರೆ ಅಲ್ಲಿ ಒಂದು ತೊಂದರೆ. ಯಾರಾದರೂ ನಡೆದರೆ ಹಲಗೆ ನಡುಗುತ್ತದೆ, ಚಿತ್ರವೂ ನಡುಗುತ್ತದೆ. ಜನ ಬರುವುದು ಕಂಡ ಕೂಡಲೇ ನಾನು ತೂತಿಗೆ ಒಂದು ಕರಿ ಮುಚ್ಚಳ ಹಿಡಿಯುತ್ತೇನೆ. ಅವರು ದಾಟಿದ ಮೇಲೆ ತೆಗೆಯುತ್ತೇನೆ. ತಡೆದು ತಡೆದು ಐದು ನಿಮಿಷ ಕೂಡಿಸಿದರೂ ಪೇಪರಿಗೆ ಅಷ್ಟೇ ಲೆಕ್ಕ.

ಉದ್ಯಾನದ ವಿಷಯ ಬಿಟ್ಟು ಒಂದು ಮಾತು. ನನ್ನ ಹತ್ತಿರ ಕಾಳಿ ನದಿಯ ಹಳೆಯ ಸೇತುವೆಯ ಒಂದು ಚಿತ್ರ ಇದೆ. ದಡದ ತೆಂಗಿನ ಬುಡದಿಂದ ತೆಗೆದದ್ದು, ನಾಲ್ಕು ನಿಮಿಷ. ಆ ನಾಲ್ಕು ನಿಮಿಷದಲ್ಲಿ ಎಷ್ಟೋ ಲಾರಿ, ಬಸ್ಸು ದಾಟಿದವು. ಚಿತ್ರದಲ್ಲಿ ಒಂದೂ ಇಲ್ಲ. ಸೇತುವೆ ಒಂದೇ ಗಟ್ಟಿಯಾಗಿ ನಿಂತಿದೆ, ಕೆಳಗೆ ನೀರು ಹೊಗೆಯಾಗಿದೆ. 2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಮೇಲೆ ಅದು ಕುಸಿದು ಬಿತ್ತು. ಅಲ್ಲಾಡದೆ ನಿಂತದ್ದು ಎಂದು ನನ್ನ ಪೇಪರು ಬರೆದುಕೊಂಡದ್ದೇ ಈಗ ಇಲ್ಲ. ಆ ಹಾಳೆಯನ್ನು ನಾನು ಬೇರೆ ಲಕೋಟೆಯಲ್ಲಿ ಇಟ್ಟಿದ್ದೇನೆ.

ಸಾರ್ವಜನಿಕ ಜಾಗದಲ್ಲಿ ಟೇಪು ಸುತ್ತಿದ ಡಬ್ಬ ಇಟ್ಟರೆ ಜನ ಹೆದರುತ್ತಾರೆ. ಹೆದರುವುದು ಸರಿಯೇ. ಒಂದು ಉದ್ಯಾನದಲ್ಲಿ ಕಾವಲಿನವರು ನನ್ನ ಡಬ್ಬವನ್ನು ಎತ್ತಿ ನೀರಿನ ಬಕೆಟ್ಟಿಗೆ ಹಾಕಿದ್ದರು. ಅವತ್ತು ನನಗೆ ಬೇಜಾರಾಯಿತು, ಆದರೆ ಅವರು ಮಾಡಿದ್ದು ಅವರ ಕೆಲಸ. ಈಗ ನಾನು ಮೊದಲು ಹೋಗಿ ಕೇಳುತ್ತೇನೆ. ಡಬ್ಬ ಬಿಚ್ಚಿ ತೋರಿಸುತ್ತೇನೆ. ಡಬ್ಬದ ಮೇಲೆ 'ಇದು ಕ್ಯಾಮೆರಾ, ದಯವಿಟ್ಟು ಮುಟ್ಟಬೇಡಿ' ಎಂದು ಕನ್ನಡದಲ್ಲಿ, ಹೆಸರು ಫೋನ್ ನಂಬರ್ ಸಮೇತ ಬರೆದಿರುತ್ತೇನೆ. ನಮ್ಮೂರಲ್ಲಿ ನೌಕಾನೆಲೆ ಇದೆ. ಅದರ ಕಡೆಗೆ ಯಾವ ಕ್ಯಾಮೆರಾವನ್ನೂ ತಿರುಗಿಸಬಾರದು, ಸೂಜಿ ತೂತಿನದ್ದೂ ಸೇರಿ. ಮರಕ್ಕೆ ಮೊಳೆ ಹೊಡೆಯಬೇಡಿ. ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಕಟ್ಟಿದರೆ ಮರಕ್ಕೂ ಪೆಟ್ಟಿಲ್ಲ, ಡಬ್ಬವೂ ಜಾರುವುದಿಲ್ಲ.

ಪೇಪರ್ ತೊಳೆಯಲು ಕೆಮಿಕಲ್ ಎಲ್ಲಿ ಸಿಗುತ್ತದೆ ಎಂದು ಬಾಗಿಲಲ್ಲಿ ಒಬ್ಬರು ಕೇಳಿದರು. ಅರ್ಧ ಉತ್ತರ ನಿಮ್ಮ ಅಡುಗೆಮನೆಯಲ್ಲಿದೆ. 1995ರಲ್ಲಿ ಅಮೆರಿಕದ ರೊಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಪ್ರೊಫೆಸರ್ ಸ್ಕಾಟ್ ವಿಲಿಯಮ್ಸ್ ಮತ್ತು ಅವರ ವಿದ್ಯಾರ್ಥಿಗಳು ಕಾಫಿಯಿಂದ ಡೆವಲಪರ್ ಮಾಡಿದರು. ಕೆಲಸ ಮಾಡುವುದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಕೆಫಿಕ್ ಆಮ್ಲ. ಒಂದು ಲೀಟರ್ ನೀರಿಗೆ 54 ಗ್ರಾಂ ವಾಷಿಂಗ್ ಸೋಡಾ, 16 ಗ್ರಾಂ ವಿಟಮಿನ್ ಸಿ ಪುಡಿ, 40 ಗ್ರಾಂ ಇನ್‌ಸ್ಟಂಟ್ ಕಾಫಿ. ಇದೇ ಕ್ರಮದಲ್ಲಿ, ಒಂದು ಕರಗಿದ ಮೇಲೆ ಇನ್ನೊಂದು. ಅಡುಗೆ ಸೋಡಾ ಹಾಕಿದರೆ ಆಗುವುದಿಲ್ಲ. ಚಿಕೋರಿ ಬೆರೆಸದ ಅಗ್ಗದ ಕಾಫಿ ಸಾಕು. ಪುಸ್ತಕದ ಲೆಕ್ಕವೆಲ್ಲ 20 ಡಿಗ್ರಿ ನೀರಿನದು. ನಮ್ಮ ಬೇಸಿಗೆಯ ನೀರು 30ರ ಹತ್ತಿರ ಇರುತ್ತದೆ, ಬೇಗ ಬೇಗ ಆಗುತ್ತದೆ, ಕಣ್ಣಿಟ್ಟು ನೋಡುತ್ತಿರಬೇಕು. ಬಿಳಿ ಹಾಳೆಯ ಮೇಲೆ ಮೊದಲು ಆಕಾಶ ಕಪ್ಪಾಗುತ್ತದೆ, ಆಮೇಲೆ ಅದರೊಳಗಿಂದ ಕೊಂಬೆಗಳು ಬೆಳ್ಳಗೆ ಕಾಣುತ್ತವೆ. ಮಕ್ಕಳು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ.

ಆದರೆ ಚಿತ್ರ ಉಳಿಯಬೇಕಾದರೆ ಹೈಪೋ ಎಂಬ ಕೆಮಿಕಲ್ ಬೇಕೇ ಬೇಕು, ಅದನ್ನು ಕೊಳ್ಳಬೇಕು. ಬಳಸಿದ ಹೈಪೋದಲ್ಲಿ ಬೆಳ್ಳಿ ಕರಗಿರುತ್ತದೆ. ಅದನ್ನು ತೋಟಕ್ಕೆ, ಬಾವಿಕಟ್ಟೆಗೆ, ಹಳ್ಳಕ್ಕೆ ಚೆಲ್ಲಬೇಡಿ. ಕ್ಯಾನಿನಲ್ಲಿ ಶೇಖರಿಸಿ ಸ್ಟೀಲ್ ಉಣ್ಣೆ ಹಾಕಿಟ್ಟರೆ ಬೆಳ್ಳಿ ಅದಕ್ಕೆ ಹಿಡಿದುಕೊಳ್ಳುತ್ತದೆ. ಮರದ ಚಿತ್ರ ತೆಗೆದು ಅದೇ ಮರದ ಬುಡಕ್ಕೆ ವಿಷ ಹಾಕುವುದು ಬೇಡ.

ಡಿಜಿಟಲ್ ಕ್ಯಾಮೆರಾ ಇದ್ದವರು ಅದರ ಬಾಡಿ ಮುಚ್ಚಳಕ್ಕೆ ತೂತು ಕೊರೆದು, ಅಲ್ಯೂಮಿನಿಯಂ ತುಂಡು ಅಂಟಿಸಿದರೆ ಅದೂ ಪಿನ್‌ಹೋಲೇ. ಸೆನ್ಸರಿನ ಮೇಲಿನ ಧೂಳೆಲ್ಲ ಕಾಣುತ್ತದೆ, ಅಷ್ಟೇ. ಪ್ರತಿ ವರ್ಷ ಏಪ್ರಿಲ್ ಕೊನೆಯ ಭಾನುವಾರ ಜಗತ್ತಿನಾದ್ಯಂತ ಪಿನ್‌ಹೋಲ್ ದಿನ, 2001ರಿಂದ ನಡೆಯುತ್ತಿದೆ. ನಮಗೆ ಅದು ಶೂನ್ಯ ನೆರಳಿನ ದಿನದ ಆಸುಪಾಸು. ಕಾರವಾರದಲ್ಲಿ ಏಪ್ರಿಲ್ 30ರ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಲೈಟುಕಂಬಕ್ಕೆ ನೆರಳು ಇರುವುದಿಲ್ಲ.

ಸೂರ್ಯನ ಮಾತು ಮತ್ತೆ ಬಂತು. ಕೊನೆಯದಾಗಿ ಅದನ್ನೇ ಹೇಳುತ್ತೇನೆ.

ಡಬ್ಬವನ್ನು ಹತ್ತು ನಿಮಿಷ ಅಲ್ಲ, ಐದು ತಿಂಗಳು ಬಿಟ್ಟರೆ? ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ವೀಕ್ಷಣಾಲಯದಲ್ಲಿ ರೆಜಿನಾ ವಾಲ್ಕೆನ್‌ಬರ್ಗ್ ಎಂಬ ವಿದ್ಯಾರ್ಥಿನಿ 2012ರಲ್ಲಿ ಒಂದು ಬಿಯರ್ ಕ್ಯಾನಿಗೆ ತೂತು ಮಾಡಿ, ಪೇಪರ್ ಹಾಕಿ ಕಟ್ಟಿದ್ದರು. ಎಲ್ಲರೂ ಅದನ್ನು ಮರೆತರು. 2020ರಲ್ಲಿ ಅದು ಸಿಕ್ಕಿತು. ಎಂಟು ವರ್ಷದ ಸೂರ್ಯನ ದಾರಿ ಅದರಲ್ಲಿ ಮೂಡಿತ್ತು, 2,953 ಕಮಾನುಗಳು.

ಇದಕ್ಕೆ ಡೆವಲಪರ್ ಬೇಡ. ಸೂರ್ಯ ತಾನೇ ಪೇಪರಿನ ಮೇಲೆ ಗೆರೆ ಸುಡುತ್ತಾನೆ. ಹೊರತೆಗೆದ ಪೇಪರನ್ನು ಒಂದೇ ಸಲ ಸ್ಕ್ಯಾನ್ ಮಾಡಿ, ಎಡಬಲ ತಿರುಗಿಸಿ, ಕಪ್ಪು ಬಿಳುಪು ಅದಲುಬದಲು ಮಾಡಬೇಕು. ಆಮೇಲೆ ಪೇಪರನ್ನು ಕತ್ತಲಲ್ಲಿ ಇಡಬೇಕು.

ಹೊರದೇಶದವರು ಕ್ಯಾನನ್ನು ದಕ್ಷಿಣಕ್ಕೆ ಮುಖ ಮಾಡಿ ಕಟ್ಟುತ್ತಾರೆ. ನಾನೂ ಹಾಗೇ ಕಟ್ಟಿ ಮೋಸಹೋದೆ. ನಮ್ಮ ಸೂರ್ಯ ಮಾರ್ಚಿನಲ್ಲೇ ನೆತ್ತಿಯ ಹತ್ತಿರ ಏರುತ್ತಾನೆ, ಮಧ್ಯಾಹ್ನದ ಗೆರೆ ಪೇಪರಿನ ಆಚೆಗೆ ಹೋಗಿಬಿಡುತ್ತದೆ. ಇಲ್ಲಿ ಪಶ್ಚಿಮಕ್ಕೆ ಮುಖ ಮಾಡಬೇಕು, ಸಮುದ್ರದ ಕಡೆಗೆ. ಹೇಗೂ ಸಮುದ್ರ ನಮಗಿದೆ. ಇಂಗ್ಲೆಂಡಿನ ಚಿತ್ರದಲ್ಲಿ ಗೆರೆಗಳು ಕಮಾನಿನಂತೆ ಇರುತ್ತವೆ. ನಮ್ಮಲ್ಲಿ ಅವು ಹೆಚ್ಚುಕಡಿಮೆ ನೆಟ್ಟಗೆ, ಸ್ವಲ್ಪ ಬಲಕ್ಕೆ ವಾಲಿ, ಮಳೆಯ ಹಾಗೆ ನೀರಿಗೆ ಇಳಿಯುತ್ತವೆ.

ಜೂನ್ ಬಂದರೆ ಮಳೆ, ಪೇಪರಿಗೆ ಬೂಸು. ಹಾಗಾಗಿ ನಾನು ಡಿಸೆಂಬರ್ 22ಕ್ಕೆ ಕಟ್ಟಿ ಮೇ 28ಕ್ಕೆ ಇಳಿಸುತ್ತೇನೆ. ಅಷ್ಟರಲ್ಲಿ ಸೂರ್ಯ ದಕ್ಷಿಣದ ತುದಿಯಿಂದ ಹೊರಟು ಉತ್ತರದ ತುದಿಯ ಹತ್ತಿರ ಬಂದಿರುತ್ತಾನೆ, 47 ಡಿಗ್ರಿಯಲ್ಲಿ 45 ಡಿಗ್ರಿ ದಾರಿ ಮುಗಿದಿರುತ್ತದೆ. ಚಿತ್ರದ ಎಡ ತುದಿಯಲ್ಲಿ ಡಿಸೆಂಬರಿನ ಮುಳುಗು, ಬಲ ತುದಿಯಲ್ಲಿ ಮೇ ತಿಂಗಳದ್ದು. ನಡುವೆ ಹೆಚ್ಚುಕಡಿಮೆ ಇಡೀ ಉತ್ತರಾಯಣ. ಮೋಡ ಮುಚ್ಚಿದ ಸಂಜೆ ಗೆರೆ ತುಂಡಾಗಿದೆ.

ಮೊದಲ ಸಲ ಇದು ಸರಿಯಾಗಿ ಬಂದಾಗ ಪ್ರಿಂಟ್ ಹಾಕಿಸಿ ಅಂಕೋಲೆಗೆ ಒಯ್ದು ಆಯಿಗೆ, ಅಂದರೆ ನನ್ನ ಅಮ್ಮನಿಗೆ, ತೋರಿಸಿದೆ. ಆಯಿಗೆ ಈಗ ಎಂಬತ್ತೈದು. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದಳು. "ತಮಾ, ಇದರಲ್ಲಿ ಸಂಕ್ರಾಂತಿ ಯಾವುದು?" ಎಂದು ಕೇಳಿದಳು.

ನಾನು ಹುಡುಕಿದೆ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಬಹಳ ನಿಧಾನ, ಗೆರೆಗಳು ಒಂದರ ಮೇಲೊಂದು ಬಿದ್ದು ದಪ್ಪ ಪಟ್ಟಿಯಾಗಿರುತ್ತವೆ. ಮಾರ್ಚಿನಲ್ಲಿ ಮಾತ್ರ ಬಿಡಿ ಬಿಡಿ. ಸಂಕ್ರಾಂತಿಯ ಗೆರೆ ಎಡ ತುದಿಯಲ್ಲಿ ಇರಲಿಲ್ಲ. ನಾಲ್ಕು ಮಿಲಿಮೀಟರ್ ಬಲಕ್ಕೆ ಇತ್ತು. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 22ರ ಹೊತ್ತಿಗೆ, ನಾವು ಹಬ್ಬ ಮಾಡುವುದು ಜನವರಿ 14ಕ್ಕೆ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನ ಓಲಾಡುವುದರಿಂದ ನೂರಾರು ವರ್ಷಗಳಲ್ಲಿ ಈ ಅಂತರ ಬೆಳೆದಿದೆ. ಇದನ್ನು ಓದಿ ತಿಳಿದಿದ್ದೆ. ಹಾಲುಪುಡಿ ಡಬ್ಬದ ಪೇಪರಿನಲ್ಲಿ ಅದು ನಾಲ್ಕು ಮಿಲಿಮೀಟರ್ ಆಗಿ ಕಂಡಿತು. ಆಯಿಗೆ ಹೇಳಿದೆ. ಅವಳು ಬೆರಳ ಉಗುರಿನಿಂದ ಆ ನಾಲ್ಕು ಮಿಲಿಮೀಟರ್ ಅಳೆದು ನೋಡಿದಳು. ಆಮೇಲೆ ಚಿತ್ರವನ್ನು ದೇವರ ಕೋಣೆಯ ಪಂಚಾಂಗದ ಪಕ್ಕ ಒರಗಿಸಿ ಇಟ್ಟಳು.

ಬಾಗಿಲ ಹತ್ತಿರ ಮೇಜಿನ ಮೇಲೆ ಹದಿನೈದು ಡಬ್ಬ ಇವೆ. ಪೇಪರ್ ಹಾಕಿ ಇಟ್ಟಿದ್ದೇನೆ, ಮುಚ್ಚಳ ತೆಗೆಯಬೇಡಿ. ಬಿಸಿಲು ಇನ್ನೂ ಇದೆ, ಕಡಲ ಗಾಳಿಯೂ ಶುರುವಾಗಿದೆ. ಇಬ್ಬಿಬ್ಬರಿಗೆ ಒಂದರಂತೆ ತೆಗೆದುಕೊಳ್ಳಿ, ಗಾಳಿಮರಗಳ ಹತ್ತಿರ ಹೋಗೋಣ.